ಮಸಿ ಮೆತ್ತಿದ ರೊಟ್ಟಿ: ಅಮೆರಿಕದ ಪ್ರಾದೇಶಿಕ ಕಥನದಲ್ಲಿ ಊರು ಮತ್ತು ದೇವರು

ಸಿಡಿಲು ಬಡಿದು ಒಂದು ಹಳ್ಳಿಯ ಚರ್ಚು ಸುಟ್ಟುಹೋಗಿದೆ. ಊರಿನವರೆಲ್ಲ ಸೇರಿ ಅಳಿದುಳಿದದ್ದನ್ನು ಕೆಡವುತ್ತಿದ್ದಾರೆ. ಮಳೆ ಸುರಿಯುತ್ತಿದೆ. ಹಾಳಾದ ಬೈಬಲ್‌ಗಳಿಗೆ ಒಂದು ಗುಂಡಿ, ಕೀರ್ತನೆಯ ಪುಸ್ತಕಗಳಿಗೆ ಇನ್ನೊಂದು ಗುಂಡಿ ತೋಡಿ, ಸತ್ತವರನ್ನು ಮಣ್ಣು ಮಾಡುವ ಹಾಗೆಯೇ ಪ್ರಾರ್ಥನೆ ಹೇಳಿ ಹೂಳುತ್ತಾರೆ. ಹೆಂಗಸರು ಹಾಡುತ್ತಿದ್ದಾರೆ. ಬೂದಿಯಲ್ಲಿ ದುಡಿಯುತ್ತಿದ್ದ ತಂದೆ ಬಂದು ಮಗನಿಗೆ ಒಂದು ತುಂಡು ಬಿಸ್ಕಿಟ್ ಕೊಡುತ್ತಾನೆ. ಅದು ನಮ್ಮ ಅಂಗಡಿಯ ಬಿಸ್ಕತ್ತಲ್ಲ, ಮನೆಯಲ್ಲೇ ಸುಡುವ ಮೆತ್ತನೆಯ ರೊಟ್ಟಿ. ಅದಕ್ಕೆ ಅವನ ಕೈಯ ಮಸಿ ಮೆತ್ತಿಕೊಂಡಿದೆ. ಬೂದಿಗಿಂತ ಶುದ್ಧವಾದದ್ದು ಯಾವುದೂ ಇಲ್ಲ, ತಿನ್ನು ಎನ್ನುತ್ತಾನೆ ತಂದೆ. ಆ ಮಗ ಮುಂದೆ ತಾನೂ ಪಾದ್ರಿಯಾಗುತ್ತಾನೆ. ಸಾವು ಹತ್ತಿರವಾದ ಮುಪ್ಪಿನಲ್ಲಿ ಈ ಗಳಿಗೆಯನ್ನು ನೆನೆದು, ಅಂದು ತನ್ನ ಬಾಯಿಗೆ ಬಂದದ್ದು ಪರಮಪ್ರಸಾದವೇ, ಅಂದರೆ ಚರ್ಚಿನಲ್ಲಿ ಕ್ರಿಸ್ತನ ನೆನಪಿಗೆ ಹಂಚುವ ಪವಿತ್ರ ರೊಟ್ಟಿಯೇ ಆಗಿತ್ತು ಎಂದು ನಂಬುತ್ತಾನೆ.

ಈ ದೃಶ್ಯ ಇರುವುದು ಮ್ಯಾರಿಲಿನ್ ರಾಬಿನ್ಸನ್ ಅವರ ‘ಗಿಲಿಯಡ್’ ಕಾದಂಬರಿಯಲ್ಲಿ. 2004ರಲ್ಲಿ ಪ್ರಕಟವಾಗಿ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆದ ಪುಸ್ತಕ ಅದು. ಇಂಥ ಕಾದಂಬರಿಗಳು ಈಗ ಕನ್ನಡದ ಓದುಗರ ಕೈಗೆ ಸುಲಭವಾಗಿ ಸಿಗುತ್ತವೆ. ಎಂ.ಎ. ತರಗತಿಯ ಹುಡುಗ ಹುಡುಗಿಯರು ಪಠ್ಯವೆಂದು ಓದುತ್ತಾರೆ. ಮಕ್ಕಳ ಮನೆಗೆಂದು ಹೋಗಿ ಆರು ತಿಂಗಳು ಇದ್ದು ಬರುವ ತಂದೆತಾಯಿಯರು ಅಲ್ಲಿನ ಬಡಾವಣೆಯ ಗ್ರಂಥಾಲಯದಿಂದ ತಂದು ಓದುತ್ತಾರೆ. ಓದಿದವರು ಕೇಳುವ ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಒಂದೇ: ಕಥೆಯಲ್ಲಿ ಏನೂ ನಡೆಯುವುದಿಲ್ಲವಲ್ಲ, ಹುಲ್ಲು, ಬೆಳಕು, ಮಳೆ, ಚರ್ಚು ಎಂದು ಪುಟಗಟ್ಟಲೆ ಏಕೆ? ನ್ಯಾಯವಾದ ಪ್ರಶ್ನೆ. ಉತ್ತರ ಆ ಹುಲ್ಲು ಮತ್ತು ಬೆಳಕಿನಲ್ಲಿಯೇ ಇದೆ.

ಪರದೆಯಲ್ಲ, ನೆಲ

ಅಮೆರಿಕ ವಿಸ್ತೀರ್ಣದಲ್ಲಿ ಭಾರತದ ಸುಮಾರು ಮೂರು ಪಟ್ಟು. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ ನಂತರ ರೈಲುಮಾರ್ಗಗಳು ಹಬ್ಬಿದವು. ಬಾಸ್ಟನ್, ನ್ಯೂಯಾರ್ಕ್‌ಗಳ ನಿಯತಕಾಲಿಕೆಗಳು ಮೂಲೆಮೂಲೆಯ ಓದುಗರನ್ನು ತಲುಪತೊಡಗಿದವು. ನಮ್ಮದೇ ದೇಶದ ಆ ತುದಿಯಲ್ಲಿ ಜನ ಹೇಗೆ ಬದುಕುತ್ತಾರೆ, ಏನು ಉಣ್ಣುತ್ತಾರೆ, ಹೇಗೆ ಮಾತಾಡುತ್ತಾರೆ ಎಂಬ ಕುತೂಹಲಕ್ಕೆ ಒಂದು ಬಗೆಯ ಕಥೆ ಹುಟ್ಟಿಕೊಂಡಿತು. ಅದನ್ನು ಆಗ ‘ಲೋಕಲ್ ಕಲರ್’ ಎಂದು ಕರೆದರು, ಅಂದರೆ ಸೀಮೆಯ ಬಣ್ಣ. ಮೇಯ್ನ್ ರಾಜ್ಯದ ಕಡಲತೀರದ ಊರೊಂದನ್ನು ಕುರಿತು ಸಾರಾ ಆರ್ನ್ ಜೂವೆಟ್ 1896ರಲ್ಲಿ ಪ್ರಕಟಿಸಿದ ಕೃತಿ ಈ ಬಗೆಯ ಬರವಣಿಗೆಯಲ್ಲಿ ತುಂಬ ಹೆಸರಾದದ್ದು.

ಬಣ್ಣವಷ್ಟೇ ಇದ್ದಾಗ ಊರು ನಾಟಕದ ಪರದೆಯಾಗಿ ಉಳಿಯುತ್ತದೆ. ಕಂಪನಿ ನಾಟಕದಲ್ಲಿ ಹಿಂದಿನ ಪರದೆ ಅರಮನೆಯಿಂದ ಕಾಡಿಗೆ ಬದಲಾದರೂ ನಟನ ಮಾತು ಬದಲಾಗುವುದಿಲ್ಲ. ಆದರೆ ಕೆಲವು ಕಥೆಗಳಲ್ಲಿ ಊರನ್ನು ತೆಗೆದರೆ ಪಾತ್ರಗಳೇ ಕುಸಿದುಬೀಳುತ್ತವೆ. ಈ ಮಣ್ಣು, ಈ ಬರ, ಈ ನೆರೆಹೊರೆ ಇಲ್ಲದಿದ್ದರೆ ಈ ಮನುಷ್ಯ ಹೀಗೆ ಯೋಚಿಸುತ್ತಲೇ ಇರಲಿಲ್ಲ ಎಂದು ನಮಗೆ ಅನ್ನಿಸುತ್ತದೆ. ವಿಮರ್ಶಕರು ಸ್ಥಳಪ್ರಜ್ಞೆ ಎನ್ನುವುದು ಇದನ್ನೇ.

ಅಧ್ಯಾತ್ಮ ಎಂಬ ಪದವನ್ನೂ ಇಲ್ಲಿ ಸ್ವಲ್ಪ ಬಿಡಿಸಿಕೊಳ್ಳಬೇಕು. ಮತ ಎಂದರೆ ಚರ್ಚು, ಭಾನುವಾರ, ವಿಧಿ, ನಿಷೇಧ. ಅಧ್ಯಾತ್ಮ ಎಂದರೆ ಮನುಷ್ಯ ತನಗಿಂತ ದೊಡ್ಡದೊಂದರ ಎದುರು ನಿಂತಾಗ ಅವನೊಳಗೆ ಆಗುವುದು. ಎರಡೂ ಒಂದೇ ಕಡೆ ಸಿಗಬಹುದು, ಸಿಗದೆಯೂ ಇರಬಹುದು. ಕಾದಂಬರಿಕಾರರ ಗಮನವೆಲ್ಲ ಇವು ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬ ಸಂಧಿಯ ಮೇಲೆ.

ಪ್ರಾರ್ಥನೆ ಬಿಟ್ಟ ಹುಡುಗ

ವಿಲಾ ಕ್ಯಾದರ್ 1883ರಲ್ಲಿ, ಒಂಬತ್ತರ ವಯಸ್ಸಿನಲ್ಲಿ, ಹಸಿರು ಬೆಟ್ಟಗಳ ವರ್ಜೀನಿಯಾದಿಂದ ನೆಬ್ರಾಸ್ಕಾದ ಬಟಾಬಯಲಿಗೆ ಬಂದವರು. ಅವರ ‘ಮೈ ಆಂಟೋನಿಯಾ’ (1918) ಕಾದಂಬರಿಯ ಹುಡುಗ ಜಿಮ್ ಕೂಡ ಹಾಗೆಯೇ ಬರುತ್ತಾನೆ. ಅವನಿಗೆ ಹತ್ತು ವರ್ಷ, ತಂದೆತಾಯಿ ತೀರಿಕೊಂಡಿದ್ದಾರೆ. ರಾತ್ರಿ ಗಾಡಿಯ ತಳದಲ್ಲಿ ಮಲಗಿ ಹೊರಗೆ ಇಣುಕಿದರೆ ಬೇಲಿ ಇಲ್ಲ, ಹೊಳೆ ಇಲ್ಲ, ಮರ ಇಲ್ಲ, ಬೆಟ್ಟವೂ ಇಲ್ಲ. ಇದು ದೇಶವೇ ಅಲ್ಲ, ದೇಶಗಳನ್ನು ಮಾಡಲು ಇಟ್ಟಿರುವ ಕಚ್ಚಾ ಸಾಮಗ್ರಿ ಎಂದು ಅವನಿಗೆ ತೋರುತ್ತದೆ. ಮೇಲೆ ಆಕಾಶ ಮಾತ್ರ, ಅದಕ್ಕೆ ಅಂಚು ಕಟ್ಟುವ ಬೆಟ್ಟಸಾಲು ಇಲ್ಲ. ಸತ್ತ ತಂದೆತಾಯಿಯ ಆತ್ಮಗಳು ಊರಿನ ಬೆಟ್ಟದ ಬಳಿಯೇ ತನ್ನನ್ನು ಹುಡುಕುತ್ತಿರಬಹುದು, ಇಲ್ಲಿಯವರೆಗೆ ಬರಲಾರವು ಎಂದುಕೊಳ್ಳುತ್ತಾನೆ. ಆ ರಾತ್ರಿ ಅವನು ಪ್ರಾರ್ಥನೆ ಮಾಡುವುದಿಲ್ಲ. ಇಲ್ಲಿ ಆಗುವುದು ಆಗಿಯೇ ತೀರುತ್ತದೆ ಎಂಬ ಭಾವ ಅವನನ್ನು ಆವರಿಸಿಕೊಂಡಿರುತ್ತದೆ.

ಸ್ಥಳಕ್ಕೂ ನಂಬಿಕೆಗೂ ಇರುವ ನಂಟನ್ನು ಇದಕ್ಕಿಂತ ಸರಳವಾಗಿ ತೋರಿಸಿದ ಪುಟ ನನಗೆ ಸಿಕ್ಕಿಲ್ಲ. ಊರು ತಪ್ಪಿದರೆ ಪ್ರಾರ್ಥನೆಯೂ ತಪ್ಪುತ್ತದೆ. ಅವನ ದೇವರು ಇಷ್ಟು ದಿನ ಒಂದು ಬೆಟ್ಟಸಾಲಿನ ಒಳಗಿದ್ದ.

ಮರುದಿನವೇ ಅಜ್ಜಿಯ ತೋಟದಲ್ಲಿ ಅದೇ ಹುಡುಗ ಬಿಸಿಲಿಗೆ ಕಾದ ಹಳದಿ ಕುಂಬಳಕಾಯಿಗೆ ಬೆನ್ನು ಕೊಟ್ಟು ಕುಳಿತಿದ್ದಾನೆ. ಮಿಡತೆಗಳು ಹಾರುತ್ತಿವೆ. ಬೆನ್ನ ಮೇಲೆ ಕಪ್ಪು ಚುಕ್ಕೆಯಿರುವ ಕೆಂಪು ಹುಳುಗಳು ಸುತ್ತ ಹರಿದಾಡುತ್ತಿವೆ. ಮೈಕೆಳಗಿನ ಮಣ್ಣು ಬೆಚ್ಚಗಿದೆ. ಏನೂ ಆಗಬೇಕಿಲ್ಲ, ಏನೂ ಬೇಕಿಲ್ಲ. ಪೂರ್ಣವೂ ದೊಡ್ಡದೂ ಆದ ಒಂದರಲ್ಲಿ ಕರಗಿಹೋಗುವುದೇ ಸುಖ ಎಂದು ಅವನಿಗೆ ಹೊಳೆಯುತ್ತದೆ. ನ್ಯೂ ಹ್ಯಾಂಪ್‌ಶೈರ್‌ನಲ್ಲಿರುವ ಕ್ಯಾದರ್ ಅವರ ಸಮಾಧಿಯ ಕಲ್ಲಿನ ಮೇಲೆ ಕೆತ್ತಿರುವುದು ಈ ಸಾಲನ್ನೇ. ಹಿಂದಿನ ರಾತ್ರಿ ದೇವರನ್ನು ಮರೆಸಿದ ನೆಲವೇ ಬೆಳಗಾಗುವಷ್ಟರಲ್ಲಿ ಇನ್ನೊಂದು ಬಗೆಯ ಪ್ರಾರ್ಥನೆಯನ್ನು ಕಲಿಸಿಬಿಟ್ಟಿದೆ.

ಸೀಮೆಗೊಂದು ನಂಬಿಕೆ ಹೇಗೆ ಬಂತು

ಅಮೆರಿಕಕ್ಕೆ ಅಧಿಕೃತ ಧರ್ಮ ಇಲ್ಲ. 1791ರಲ್ಲಿ ಜಾರಿಗೆ ಬಂದ ಸಂವಿಧಾನದ ಮೊದಲ ತಿದ್ದುಪಡಿ, ಸಂಸತ್ತು ಯಾವುದೇ ಮತವನ್ನು ದೇಶದ ಮೇಲೆ ಸ್ಥಾಪಿಸಕೂಡದು ಎಂದಿತು. ಹಾಗಾಗಿ ಬಂದು ನೆಲೆಸಿದವರೆಲ್ಲ ತಮ್ಮ ತಮ್ಮ ಪಂಥವನ್ನು ಗಂಟಿನಲ್ಲಿ ಕಟ್ಟಿಕೊಂಡು ಬಂದರು. ದಕ್ಷಿಣದಲ್ಲಿ ಪ್ರಾಟೆಸ್ಟಂಟ್ ಪಂಥಗಳಾದ ಬ್ಯಾಪ್ಟಿಸ್ಟರು ಮತ್ತು ಮೆಥಡಿಸ್ಟರು ಬಲವಾದರು. ಸ್ಪೇನಿನವರು ಕಾಲಿಟ್ಟಿದ್ದ ನೈರುತ್ಯದಲ್ಲಿ ಕ್ಯಾಥೊಲಿಕರು ಇದ್ದರು. ಇವರೆಲ್ಲರಿಗಿಂತ ಸಾವಿರಾರು ವರ್ಷ ಮೊದಲೇ ಅಲ್ಲಿದ್ದ ಮೂಲನಿವಾಸಿಗಳಿಗೆ ತಮ್ಮದೇ ಆಚರಣೆಗಳಿದ್ದವು.

ವಲಸೆಗಾರರು ಊರುಗಳಿಗೆ ಇಟ್ಟ ಹೆಸರುಗಳನ್ನು ನೋಡಿ: ಸೇಲಮ್, ಬೆಥೆಲ್, ಬೆತ್ಲೆಹೆಮ್. ಕಾಣದ ದೇಶದ ಪವಿತ್ರ ಹೆಸರುಗಳನ್ನು ತಂದು ಕಂಡ ಮಣ್ಣಿಗೆ ಅಂಟಿಸಿದರು. ರಾಬಿನ್ಸನ್ ತಮ್ಮ ಕಾಲ್ಪನಿಕ ಊರಿಗೆ ಗಿಲಿಯಡ್ ಎಂದು ಹೆಸರಿಟ್ಟದ್ದೂ ಇದೇ ವಾಡಿಕೆಯಿಂದ. ಕನ್ನಡ ಬೈಬಲ್‌ನಲ್ಲಿ ಅದು ಗಿಲ್ಯಾದ್. ಗಿಲ್ಯಾದಿನಲ್ಲಿ ಗಾಯಕ್ಕೆ ಮದ್ದಿಲ್ಲವೇ, ವೈದ್ಯನಿಲ್ಲವೇ ಎಂದು ಪ್ರವಾದಿ ಯೆರೆಮೀಯ ಮರುಗುತ್ತಾನೆ. ಮದ್ದಿಗೆ ಹೆಸರಾದ ಊರಿನಲ್ಲೇ ವಾಸಿಯಾಗದ ಗಾಯವೊಂದಿದೆ ಎಂಬುದು ಕಾದಂಬರಿಯ ಹೆಸರಿನಲ್ಲಿಯೇ ಅಡಗಿದೆ.

ಅಯೋವಾ: ನೀರು ಇರುವುದು ಹರಸುವುದಕ್ಕೆ

‘ಗಿಲಿಯಡ್’ ಇಡೀ ಕಾದಂಬರಿ ಒಂದು ಪತ್ರ. ವರ್ಷ 1956. ಎಪ್ಪತ್ತಾರರ ಪಾದ್ರಿ ಜಾನ್ ಏಮ್ಸ್‌ಗೆ ಹೃದ್ರೋಗ. ಏಳು ತುಂಬಲಿರುವ ಮಗ ದೊಡ್ಡವನಾದ ಮೇಲೆ ಓದಲೆಂದು ಬರೆಯುತ್ತಿದ್ದಾನೆ. ಏಮ್ಸ್ ಕಾಂಗ್ರಿಗೇಷನಲ್ ಪಂಥದವನು. ಈ ಪಂಥದಲ್ಲಿ ಮೇಲಿನ ಅಧಿಕಾರಿಗಳ ಸಾಲು ಇಲ್ಲ. ಪ್ರತಿ ಊರಿನ ಸಭೆ ತನ್ನ ಚರ್ಚನ್ನು ತಾನೇ ನಡೆಸಿಕೊಳ್ಳುತ್ತದೆ. ಚರ್ಚಿನ ಕಟ್ಟಡವೂ ಸಾದಾ. ಪವಿತ್ರವಾದದ್ದು ಗರ್ಭಗುಡಿಯಂಥ ಒಂದೇ ಜಾಗದಲ್ಲಿ ಕೂಡಿಲ್ಲ ಎಂದ ಮೇಲೆ ಅದು ಎಲ್ಲಿ ಬೇಕಾದರೂ ಸಿಗಬಹುದು. ಅಡುಗೆಮನೆಯಲ್ಲಿ, ಓಣಿಯಲ್ಲಿ, ಮಸಿ ಹಿಡಿದ ರೊಟ್ಟಿಯಲ್ಲಿ.

ಒಂದು ಬೆಳಿಗ್ಗೆ ಏಮ್ಸ್ ಚರ್ಚಿಗೆ ನಡೆದು ಹೋಗುತ್ತಿದ್ದಾನೆ. ಮುಂದೆ ಒಬ್ಬ ಹುಡುಗ, ಒಬ್ಬ ಹುಡುಗಿ. ಹಿಂದೆ ಮಳೆಯಾಗಿ ಮರಗಳು ಇನ್ನೂ ತೊಟ್ಟಿಕ್ಕುತ್ತಿವೆ. ಹುಡುಗ ಹುಮ್ಮಸ್ಸಿಗೆ ಎಗರಿ ಒಂದು ಕೊಂಬೆಯನ್ನು ಹಿಡಿದುಬಿಡುತ್ತಾನೆ. ಇಬ್ಬರ ಮೇಲೂ ನೀರು ಸುರಿದು ಹುಡುಗಿ ನಗುತ್ತಾ ಕೂದಲನ್ನೂ ಲಂಗವನ್ನೂ ಕೊಡವಿಕೊಳ್ಳುತ್ತಾಳೆ. ಅಷ್ಟೇ. ನೀರನ್ನು ಸೃಷ್ಟಿಸಿದ್ದು ಮೊದಲು ಹರಸುವುದಕ್ಕೆ, ತರಕಾರಿ ಬೆಳೆಯುವುದು, ಬಟ್ಟೆ ಒಗೆಯುವುದೆಲ್ಲ ಆಮೇಲೆ ಎಂದು ಆ ನೋಟವನ್ನು ಕಂಡವನಿಗೆ ನಂಬಲು ಸುಲಭ ಎನ್ನುತ್ತಾನೆ ಮುದುಕ. ಕ್ರೈಸ್ತರ ದೀಕ್ಷಾಸ್ನಾನದಲ್ಲಿ ಪಾದ್ರಿ ಮಗುವಿನ ತಲೆಗೆ ಮುಟ್ಟಿಸುವುದೂ ನೀರನ್ನೇ. ಆ ಸಂಸ್ಕಾರ ಓಣಿಯಲ್ಲಿ, ಯಾರ ಅಪ್ಪಣೆಯೂ ಇಲ್ಲದೆ, ಒಂದು ಮರದಿಂದ ನಡೆದುಹೋಯಿತು. ಬಾಲ್ಯದಲ್ಲಿ ಏಮ್ಸ್ ಗೆಳೆಯರ ಜೊತೆ ಬೆಕ್ಕಿನ ಮರಿಗಳಿಗೇ ದೀಕ್ಷಾಸ್ನಾನ ಮಾಡಿಸಿದ್ದ. ಅಂಗೈಯಡಿಯ ಆ ಬೆಚ್ಚನೆಯ ಪುಟ್ಟ ಹಣೆಗಳ ಸ್ಪರ್ಶ ಅವನಿಗೆ ಮುಪ್ಪಿನಲ್ಲೂ ನೆನಪಿದೆ.

ಇಷ್ಟೇ ಆಗಿದ್ದರೆ ಇದು ಹಳ್ಳಿಯ ಚೆಲುವಿನ ಕಥೆಯಾಗಿ ನಿಲ್ಲುತ್ತಿತ್ತು. ಊರಿಗೆ ಒಂದು ಹಿಂದಿನ ಕಥೆ ಇದೆ. 1854ರಲ್ಲಿ ಬಂದ ಕಾನ್ಸಾಸ್–ನೆಬ್ರಾಸ್ಕಾ ಕಾಯ್ದೆ, ಗುಲಾಮಗಿರಿ ಬೇಕೋ ಬೇಡವೋ ಎಂಬುದನ್ನು ಹೊಸ ಪ್ರಾಂತ್ಯಗಳ ನಿವಾಸಿಗಳೇ ತೀರ್ಮಾನಿಸಲಿ ಎಂದಿತು. ಕಾನ್ಸಾಸ್‌ನಲ್ಲಿ ರಕ್ತ ಹರಿಯಿತು. ಗುಲಾಮಗಿರಿಯ ವಿರೋಧಿಗಳಿಗೆ ಹತ್ತಿರದ ಅಯೋವಾದ ಊರುಗಳು ಆಸರೆಯಾದವು. ಟೇಬರ್ ಎಂಬ ನಿಜವಾದ ಊರು ಅಂಥದ್ದು. ರಾಬಿನ್ಸನ್ ಅವರ ಗಿಲಿಯಡ್‌ಗೆ ಅದೇ ಮಾದರಿ. ಏಮ್ಸ್‌ನ ತಾತ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಉಪದೇಶ ಮಾಡಿದ ಒಕ್ಕಣ್ಣಿನ ಪಾದ್ರಿ. ಆದರೆ ನೂರು ವರ್ಷ ಕಳೆಯುವುದರೊಳಗೆ ಊರಿನ ಕಪ್ಪುಜನರ ಚರ್ಚಿಗೆ ಯಾರೋ ಬೆಂಕಿ ಇಟ್ಟಿದ್ದಾರೆ, ಆ ಕುಟುಂಬಗಳು ಊರು ಬಿಟ್ಟಿವೆ. ಏಮ್ಸ್ ಅದನ್ನು ಸಣ್ಣ ಬೆಂಕಿ ಎಂದು ಹೇಳಿ ಮುಂದೆ ಹೋಗುತ್ತಾನೆ. ಮೊದಲು ಹೇಳಿದ ದೃಶ್ಯದಲ್ಲಿ ಸಿಡಿಲಿಗೆ ಬ್ಯಾಪ್ಟಿಸ್ಟರ ಚರ್ಚು ಸುಟ್ಟಾಗ ಇಡೀ ಊರು ಬಂದು ಹಾಡಿತ್ತು ಎಂಬುದನ್ನು ನೆನಪಿಟ್ಟ ಓದುಗನಿಗೆ ಆ ‘ಸಣ್ಣ’ ಎಂಬ ಪದ ಚುಚ್ಚುತ್ತದೆ. ಗೆಳೆಯನ ಮಗ ಜ್ಯಾಕ್, ಕಪ್ಪು ಹೆಂಗಸನ್ನು ಹೆಂಡತಿಯೆಂದು ಸ್ವೀಕರಿಸಿದವನು, ತನ್ನ ಸಂಸಾರಕ್ಕೆ ಈ ಊರಿನಲ್ಲಿ ಜಾಗವಿದೆಯೇ ಎಂದು ತಿಳಿಯಲು ಬಂದಿದ್ದಾನೆ. ನೆಲ ಪವಿತ್ರವಾದದ್ದು ಎಂದ ಮೇಲೆ ಆ ನೆಲದ ಮರೆವಿಗೂ ಲೆಕ್ಕ ಕೊಡಬೇಕಾಗುತ್ತದೆ.

ಜಾರ್ಜಿಯಾ: ಹಂದಿಗೂಡಿನ ಮುಂದೆ ದರ್ಶನ

ದಕ್ಷಿಣಕ್ಕೆ ಬಂದರೆ ಧ್ವನಿಯೇ ಬೇರೆ. ಫ್ಲ್ಯಾನರಿ ಓಕಾನರ್ 1925ರಲ್ಲಿ ಜಾರ್ಜಿಯಾದ ಸವಾನಾದಲ್ಲಿ ಹುಟ್ಟಿದವರು. ಲೂಪಸ್ ಎಂಬ ಕಾಯಿಲೆ ಅವರನ್ನು ತಾಯಿಯ ಹೈನುಗಾರಿಕೆಯ ತೋಟಕ್ಕೆ ಮರಳಿ ತಂದಿತು. ಮಿಲೆಜ್‌ವಿಲ್ ಊರಿನ ಹೊರಗಿನ ಆ ತೋಟದಲ್ಲಿ ನವಿಲು ಸಾಕುತ್ತಾ, ಊರುಗೋಲಿನಲ್ಲಿ ನಡೆಯುತ್ತಾ ಬರೆದರು. 1964ರಲ್ಲಿ, 39ರ ವಯಸ್ಸಿನಲ್ಲಿ ತೀರಿಕೊಂಡರು. ಪ್ರಾಟೆಸ್ಟಂಟರೇ ತುಂಬಿದ ಸೀಮೆಯಲ್ಲಿ ಅವರು ಕ್ಯಾಥೊಲಿಕ್. ದಕ್ಷಿಣದ ಜನ ಕ್ರಿಸ್ತನನ್ನು ಕೇಂದ್ರದಲ್ಲಿ ಇಟ್ಟುಕೊಂಡವರು ಎನ್ನಲಾಗದು, ಆದರೆ ಕ್ರಿಸ್ತ ಅವರನ್ನು ಭೂತದಂತೆ ಕಾಡುತ್ತಿರುವುದು ನಿಜ ಎಂಬುದು ಅವರ ಪ್ರಸಿದ್ಧ ಮಾತಿನ ತಾತ್ಪರ್ಯ.

ಕೊನೆಯ ದಿನಗಳಲ್ಲಿ ಬರೆದ ‘ರೆವಲೇಷನ್’ ಕಥೆಯಲ್ಲಿ ಮಿಸೆಸ್ ಟರ್ಪಿನ್ ಎಂಬ ಗಟ್ಟಿ ಹೆಂಗಸು ವೈದ್ಯರ ಕೋಣೆಯ ಹೊರಗೆ ಕಾಯುತ್ತಾ ಕುಳಿತಿದ್ದಾಳೆ. ಕುಳಿತವರನ್ನೆಲ್ಲ ಮನಸ್ಸಿನಲ್ಲೇ ಮೇಲು ಕೀಳು ಎಂದು ಜೋಡಿಸುವುದು ಅವಳ ಅಭ್ಯಾಸ. ನೆಲವಿದ್ದವರು, ಇಲ್ಲದವರು, ಬಡ ಬಿಳಿಯರು, ಕಪ್ಪುಜನ. ತನ್ನನ್ನು ಸರಿಯಾದ ಜಾಗದಲ್ಲಿ ಹುಟ್ಟಿಸಿದ್ದಕ್ಕೆ ಅವಳು ಯೇಸುವಿಗೆ ಗಟ್ಟಿಯಾಗಿ ವಂದಿಸುತ್ತಾಳೆ. ಅಷ್ಟರಲ್ಲಿ ಎದುರಿನ ಹುಡುಗಿ ಕೈಯಲ್ಲಿದ್ದ ಪುಸ್ತಕವನ್ನು ಅವಳ ಮುಖಕ್ಕೆ ಎಸೆದು, ನರಕದ ಹಂದಿ ಎಂದು ಬೈಯುತ್ತಾಳೆ. ಹುಡುಗಿಯ ಹೆಸರು ಮೇರಿ ಗ್ರೇಸ್. ಗ್ರೇಸ್ ಎಂದರೆ ಕೃಪೆ. ಓಕಾನರ್ ಅವರಲ್ಲಿ ಕೃಪೆ ಇಳಿದು ಬರುವುದು ಹೀಗೆ, ಹಣೆ ಒಡೆಯುವಂತೆ. ಕಿವಿ ಮಂದವಾದವರಿಗೆ ಕೂಗಿ ಹೇಳಬೇಕು, ಕಣ್ಣು ಕಾಣದವರಿಗೆ ದೊಡ್ಡದಾಗಿ ಬರೆದು ತೋರಿಸಬೇಕು ಎಂಬುದು ಅವರ ನಿಲುವಾಗಿತ್ತು.

ಸಂಜೆ ಆ ಹೆಂಗಸು ಹಂದಿಗೂಡಿಗೆ ಹೋಗಿ ಕೊಳವೆ ಹಿಡಿದು ಹಂದಿಗಳಿಗೆ ನೀರು ಹಾಯಿಸುತ್ತಾ ದೇವರ ಜೊತೆ ಜಗಳಕ್ಕೆ ನಿಲ್ಲುತ್ತಾಳೆ. ನಿನ್ನನ್ನು ನೀನು ಯಾರು ಎಂದುಕೊಂಡಿದ್ದೀಯೆ ಎಂದು ಕೂಗುತ್ತಾಳೆ. ಆಚೆಯ ಕಾಡಿಗೆ ಬಡಿದು ಅದೇ ಪ್ರಶ್ನೆ ಅವಳ ಕಡೆಗೇ ತಿರುಗಿ ಬರುತ್ತದೆ. ಆಕಾಶದ ನೇರಳೆ ಪಟ್ಟಿಯೊಂದು ತೂಗುಸೇತುವೆಯಂತೆ ಕಂಡು, ಅದರ ಮೇಲೆ ಆತ್ಮಗಳ ಮೆರವಣಿಗೆ ಸಾಗುತ್ತದೆ. ಮುಂದೆ ಅವಳು ಕೀಳು ಎಂದವರೆಲ್ಲ ಕುಣಿಯುತ್ತಾ ಹೋಗುತ್ತಿದ್ದಾರೆ. ಅವಳಂಥ ಮರ್ಯಾದಸ್ಥರು ಕಟ್ಟಕಡೆಗೆ, ಶಿಸ್ತಾಗಿ ಹಾಡುತ್ತಾ. ಅವರ ಸದ್ಗುಣಗಳೂ ಸುಟ್ಟುಹೋಗುತ್ತಿವೆ ಎಂಬುದು ಅವರ ಮುಖಗಳಲ್ಲೇ ಕಾಣುತ್ತಿದೆ. ಈ ದರ್ಶನ ನಡೆಯುವುದು ಚರ್ಚಿನಲ್ಲಲ್ಲ. ದಕ್ಷಿಣದ ಜಾತಿವ್ಯವಸ್ಥೆ ಎಂದೇ ಕರೆಯಬಹುದಾದ ಆ ಮೇಲು ಕೀಳನ್ನು ಬಲ್ಲವರಿಗಷ್ಟೇ ಮೆರವಣಿಗೆಯ ಕ್ರಮ ಅರ್ಥವಾಗುತ್ತದೆ. ಓಕಾನರ್ ಅವರ ಖಾಸಗಿ ಪತ್ರಗಳಲ್ಲಿ ಜನಾಂಗೀಯ ತಿರಸ್ಕಾರದ ಮಾತುಗಳಿವೆ ಎಂಬುದನ್ನೂ ಇಲ್ಲೇ ಹೇಳಬೇಕು. 2020ರಲ್ಲಿ ಮೇರಿಲ್ಯಾಂಡ್‌ನ ಲೊಯೋಲಾ ವಿಶ್ವವಿದ್ಯಾಲಯ ಒಂದು ವಿದ್ಯಾರ್ಥಿನಿಲಯದಿಂದ ಅವರ ಹೆಸರನ್ನು ತೆಗೆಯಿತು. ಕಥೆಗಾರ್ತಿ ತನ್ನ ಪಾತ್ರವನ್ನು ಕಂಡಷ್ಟು ನಿಚ್ಚಳವಾಗಿ ತನ್ನನ್ನು ಕಂಡುಕೊಂಡಿರಲಿಲ್ಲ.

ನ್ಯೂ ಮೆಕ್ಸಿಕೊ: ನೆಲವೇ ಕಥೆ ಹೇಳುವಾಗ

ಇಲ್ಲಿಯವರೆಗಿನ ಕಥೆಗಳಲ್ಲಿ ನಂಬಿಕೆ ಬೇರೆಡೆಯಿಂದ ಬಂದು ಅಮೆರಿಕದ ಮಣ್ಣಿನಲ್ಲಿ ಬೇರೂರಿದ್ದು. ಕ್ಯಾದರ್ 1927ರಲ್ಲಿ ಬರೆದ ಕಾದಂಬರಿಯೊಂದರಲ್ಲಿ 1851ರ ನ್ಯೂ ಮೆಕ್ಸಿಕೊದ ಕೆಂಪು ಗುಡ್ಡಗಳ ನಡುವೆ ದಾರಿ ತಪ್ಪಿ ಬಾಯಾರಿದ ಫ್ರೆಂಚ್ ಪಾದ್ರಿಗೆ ಶಿಲುಬೆಯ ಆಕಾರದ ಜುನಿಪರ್ ಮರ ಕಾಣುತ್ತದೆ. ಅವನು ಅಲ್ಲೇ ಮಂಡಿಯೂರುತ್ತಾನೆ. ಚೆಲುವಾದ ದೃಶ್ಯವೇ. ಆದರೆ ಅವನು ಆ ಮರದಲ್ಲಿ ಕಂಡದ್ದು ತಾನು ತಂದ ಗುರುತನ್ನು.

ಅದೇ ರಾಜ್ಯದ ಲಗೂನಾ ಪ್ವೆಬ್ಲೊ ಎಂಬ ಮೂಲನಿವಾಸಿ ಸಮುದಾಯದಲ್ಲಿ ಬೆಳೆದ ಲೆಸ್ಲಿ ಮಾರ್ಮನ್ ಸಿಲ್ಕೊ ಅವರ ‘ಸೆರಿಮನಿ’ (1977) ಕಾದಂಬರಿಯಲ್ಲಿ ಈ ದಿಕ್ಕು ತಿರುಗಿದೆ. ಟಾಯೊ ಎಂಬ ಯುವಕ ಎರಡನೆಯ ಮಹಾಯುದ್ಧದಿಂದ ಮರಳಿದ್ದಾನೆ. ಫಿಲಿಪ್ಪೀನ್ಸ್ ಕಾಡಿನಲ್ಲಿ ಜಪಾನೀಯರ ಸೆರೆಯಲ್ಲಿ, ಗಾಯಗೊಂಡ ಸೋದರನನ್ನು ಹೊತ್ತು ನಡೆಯುವಾಗ ನಿಲ್ಲದೆ ಸುರಿದ ಮಳೆಯನ್ನು ಅವನು ಶಪಿಸಿದ್ದ. ಊರಿಗೆ ಬಂದರೆ ಬರಗಾಲ. ತನ್ನ ಶಾಪದಿಂದಲೇ ಮಳೆ ಹೋಯಿತು ಎಂಬ ಕೊರಗು ಅವನನ್ನು ಕೊಲ್ಲುತ್ತಿದೆ. ಸೇನೆಯ ಆಸ್ಪತ್ರೆಯ ವೈದ್ಯರಿಗೆ ಇದು ಮನೋರೋಗ. ಲಗೂನಾದ ಹಿರಿಯರಿಗೆ ಅಷ್ಟೇ ಅಲ್ಲ. ಮನುಷ್ಯನ ಮಾತಿಗೂ ಮಳೆಗೂ ಸಂಬಂಧ ಇರುವುದು ಅವರಿಗೆ ಸಹಜ ಸಂಗತಿ.

ಬೆಟೊನಿ ಎಂಬ ಮುದಿ ವೈದ್ಯನ ಬಳಿ ಟಾಯೊ ಹೋಗುತ್ತಾನೆ. ಬೆಟೊನಿಯ ಗುಡಿಸಲಿನಲ್ಲಿ ಬೇರು, ಸೊಪ್ಪಿನ ಕಟ್ಟುಗಳ ಜೊತೆಗೆ ಹಳೆಯ ಕ್ಯಾಲೆಂಡರುಗಳು, ದೂರವಾಣಿ ಡೈರೆಕ್ಟರಿಗಳು ರಾಶಿ ಬಿದ್ದಿವೆ. ಕಾಲ ಬದಲಾದರೆ ಆಚರಣೆಯೂ ಬದಲಾಗಬೇಕು, ಬೆಳೆಯದ ಆಚರಣೆ ಸತ್ತಂತೆ ಎನ್ನುತ್ತಾನೆ ಅವನು. ಟಾಯೊಗೆ ಸಿಗುವ ಚಿಕಿತ್ಸೆ ಒಂದು ಅಲೆದಾಟ. ಮಾವನ ಕಳೆದುಹೋದ ಚುಕ್ಕೆ ದನಗಳನ್ನು ಹುಡುಕಿಕೊಂಡು ಅವನು ಲಗೂನಾ ಜನರಿಗೆ ಪವಿತ್ರವಾದ ಮೌಂಟ್ ಟೇಲರ್ ಪರ್ವತವನ್ನು ಹತ್ತುತ್ತಾನೆ. ಅಲ್ಲಿ ಬಿಳಿಯ ಜಮೀನ್ದಾರನ ತಂತಿಬೇಲಿ ಅಡ್ಡ ನಿಂತಿದೆ. ಅವನು ಅದನ್ನು ಕತ್ತರಿಸುತ್ತಾನೆ. ಬೇಲಿ ಕತ್ತರಿಸುವುದೂ ಇಲ್ಲಿ ಪೂಜೆಯ ಒಂದು ಭಾಗ.

ಕಥೆ ತಲುಪುವುದು ಪಾಳುಬಿದ್ದ ಯುರೇನಿಯಂ ಗಣಿಗೆ. ಇದು ಬರಿಯ ಕಲ್ಪನೆಯಲ್ಲ. ಲಗೂನಾ ನೆಲದಲ್ಲಿ ಜಾಕ್‌ಪೈಲ್ ಎಂಬ ದೊಡ್ಡ ಯುರೇನಿಯಂ ಗಣಿ 1953ರಿಂದ 1982ರವರೆಗೆ ನಡೆಯಿತು. ಜಗತ್ತಿನ ಮೊದಲ ಅಣುಬಾಂಬನ್ನು 1945ರ ಜುಲೈ 16ರಂದು ಪರೀಕ್ಷಿಸಿದ್ದು ಇದೇ ರಾಜ್ಯದಲ್ಲಿ. ತನ್ನ ಊರಿನ ಸೀಮೆಯಲ್ಲಿ ಹುಟ್ಟಿದ ಬೆಂಕಿ ಸಾವಿರಾರು ಮೈಲಿ ಆಚೆಯ ಜಪಾನೀಯರನ್ನು ಸುಟ್ಟಿತು ಎಂಬುದು ಗಣಿಯ ಬಾಯಲ್ಲಿ ನಿಂತ ಟಾಯೊಗೆ ಒಮ್ಮೆಗೇ ಕಾಣುತ್ತದೆ. ಯುದ್ಧದಲ್ಲಿ ಜಪಾನೀ ಶತ್ರುವಿನ ಮುಖದಲ್ಲಿ ತನಗೆ ಮಾವನ ಮುಖ ಏಕೆ ಕಂಡಿತ್ತು ಎಂಬುದೂ ಆಗ ತಿಳಿಯುತ್ತದೆ. ಆ ರಾತ್ರಿ ಕೈಯಲ್ಲಿ ಆಯುಧವಿದ್ದೂ ಅವನು ಕೊಲ್ಲುವುದಿಲ್ಲ. ಪುಸ್ತಕ ಸೂರ್ಯೋದಯಕ್ಕೆ ಅರ್ಪಣೆ ಮಾಡುವ ಮಾತಿನಿಂದ ಮುಗಿಯುತ್ತದೆ.

ಸಿಲ್ಕೊ ಅವರಿಗೆ ದಾರಿ ತೆರೆದವರಲ್ಲಿ ಕೈಯೋವ ಎಂಬ ಮೂಲನಿವಾಸಿ ಸಮುದಾಯದ ಎನ್. ಸ್ಕಾಟ್ ಮಾಮಡೇ ಮುಖ್ಯರು. 1968ರ ಕಾದಂಬರಿಗೆ ಮರುವರ್ಷ ಅವರಿಗೆ ಪುಲಿಟ್ಜರ್ ಬಂತು. ಯುದ್ಧದಿಂದ ಮರಳಿ ಮಾತು ಕಳೆದುಕೊಂಡ ಅವರ ನಾಯಕ ಕೊನೆಗೆ ಮುಂಜಾವದಲ್ಲಿ ಓಡುತ್ತಾ ಹಾಡನ್ನು ಮರಳಿ ಪಡೆಯುತ್ತಾನೆ.

ಇಂಥ ಪುಸ್ತಕವನ್ನು ಹಿಡಿಯುವುದು ಹೇಗೆ

ನಿಧಾನವಾಗಿ ಓದಬೇಕು. ಹವಾಮಾನದ ವಿವರ ಬಂದಾಗ ಹಾರಿಸಬಾರದು. ಮಳೆ, ಬರ, ಬೆಳಕು ಇಲ್ಲಿ ಘಟನೆಗಳೇ. ನೆಲ ಯಾರಿಂದ ಯಾರ ಕೈಗೆ ಬಂತು, ಊರು ಬಿಟ್ಟವರು ಯಾರು ಎಂದು ಕೇಳಿಕೊಳ್ಳಬೇಕು. ಪಾತ್ರಗಳು ಚರ್ಚಿನ ಹೊರಗೆ ಎಲ್ಲಿ ತಲೆಬಾಗುತ್ತವೆ ಎಂದು ಗಮನಿಸಬೇಕು.

ಕನ್ನಡದ ಓದುಗರಿಗೆ ಇದಕ್ಕೆ ಬೇಕಾದ ಒಂದು ಪದ ಮೊದಲೇ ಕೈಯಲ್ಲಿದೆ: ಸ್ಥಳಪುರಾಣ. ಹಾಸನದಲ್ಲಿ ಹುಟ್ಟಿದ ರಾಜಾ ರಾವ್ ತಮ್ಮ ಇಂಗ್ಲಿಷ್ ಕಾದಂಬರಿ ‘ಕಾಂತಾಪುರ’ದ (1938) ಮುನ್ನುಡಿಯಲ್ಲಿ, ಎಷ್ಟೇ ಬಡ ಹಳ್ಳಿಯಾದರೂ ಅದಕ್ಕೊಂದು ಸ್ಥಳಪುರಾಣ ಇದ್ದೇ ಇರುತ್ತದೆ ಎಂದರು. ಅವರೇ ಮುಂದೆ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸಿದರು. ವ್ಯತ್ಯಾಸ ಒಂದಿದೆ. ನಮ್ಮ ಸ್ಥಳಪುರಾಣದಲ್ಲಿ ದೇವರು ಹಿಂದೊಮ್ಮೆ ಬಂದು ಹೋದದ್ದು ಎಲ್ಲರಿಗೂ ಗೊತ್ತು. ವಲಸೆಗಾರರ ಅಮೆರಿಕದಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಬಂದವರು ತಾವೇ ಕಂಡುಕೊಳ್ಳಬೇಕಾಯಿತು.

‘ಗಿಲಿಯಡ್’ಗೆ ಇನ್ನೊಮ್ಮೆ ಮರಳುತ್ತೇನೆ. 1892. ಹನ್ನೆರಡರ ಏಮ್ಸ್ ತಂದೆಯ ಜೊತೆ ಬರಪೀಡಿತ ಕಾನ್ಸಾಸ್‌ನಲ್ಲಿ ತಾತನ ಸಮಾಧಿ ಹುಡುಕುತ್ತಾ ದಿನಗಟ್ಟಲೆ ನಡೆದಿದ್ದಾನೆ. ಕೊನೆಗೆ ಸಿಕ್ಕಿದ್ದು ಕಳೆ ಬೆಳೆದ ಪಾಳು ಸ್ಮಶಾನ. ಇಬ್ಬರೂ ಅದನ್ನು ಚೊಕ್ಕಟ ಮಾಡುತ್ತಾರೆ. ತಂದೆ ಕಣ್ಣು ಮುಚ್ಚಿ ಬಹಳ ಹೊತ್ತು ಪ್ರಾರ್ಥಿಸುತ್ತಾನೆ. ಹುಡುಗ ಕಣ್ಣು ತೆರೆದರೆ ಒಂದು ಕಡೆ ಸೂರ್ಯ ಇಳಿಯುತ್ತಿದ್ದಾನೆ, ಇನ್ನೊಂದು ಕಡೆ ಹುಣ್ಣಿಮೆಯ ಚಂದ್ರ ಏರುತ್ತಿದ್ದಾನೆ, ನಡುವೆ ಬೆಳಕು ಎಳೆಎಳೆಯಾಗಿ ಹಬ್ಬಿದೆ. ತಂದೆಗೆ ತೋರಿಸಬೇಕು, ಆದರೆ ಪ್ರಾರ್ಥನೆ ಕೆಡಿಸಬಾರದು. ಅವನು ತಂದೆಯ ಕೈ ಹಿಡಿದು ಮುತ್ತಿಡುತ್ತಾನೆ. ಚಂದ್ರನನ್ನು ನೋಡು ಎನ್ನುತ್ತಾನೆ. ಇಬ್ಬರೂ ಸೂರ್ಯ ಮುಳುಗುವವರೆಗೆ ನಿಂತಿರುತ್ತಾರೆ. ಈ ಜಾಗವೂ ಚೆಲುವಾಗಿರಬಹುದು ಎಂದು ನನಗೆ ಎಂದೂ ಅನ್ನಿಸಿರಲಿಲ್ಲ, ತಿಳಿದು ಸಂತೋಷವಾಯಿತು ಎನ್ನುತ್ತಾನೆ ತಂದೆ.